ಕಾರ್ಟ್ರಿಜ್‌ನಿಂದ ಸ್ಪೀಕರ್‌ವರೆಗೆ ಇಂಪೀಡೆನ್ಸ್ ಒಂದೇ ಇರಬೇಕಾ?

ಸೂಜಿಮೊನೆ

ಎಲ್ಲರಿಗೂ ನಮಸ್ಕಾರ. ಒಂದು ಗೊಂದಲ ಇದೆ, ಬಿಡಿಸಿ ಕೊಡಿ.

ನನ್ನ ಬಳಿ ಇರುವುದು ಬೆಲ್ಟ್ ಡ್ರೈವ್ ಟರ್ನ್‌ಟೇಬಲ್, ಆಡಿಯೋ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್ (ಸೂಜಿಯ ಕಂಪನವನ್ನು ಸಿಗ್ನಲ್ ಮಾಡುವ ಪುಟ್ಟ ಭಾಗ), ಒಂದು ಇಂಟಿಗ್ರೇಟೆಡ್ ಆಂಪ್, 6 ಓಮ್ ಸ್ಪೀಕರ್. ಮೊದಲು ಆಂಪ್ ಒಳಗಿನ ಫೋನೋ ಇನ್‌ಪುಟ್ಟನ್ನೇ ಬಳಸುತ್ತಿದ್ದೆ. ಈಗ ಬೇರೆ ಫೋನೋ ಸ್ಟೇಜ್ (ಕಾರ್ಟ್ರಿಜ್‌ನ ಸಣ್ಣ ಸಿಗ್ನಲ್ಲನ್ನು ಆಂಪ್‌ಗೆ ತಕ್ಕಷ್ಟು ಎತ್ತುವ ಪೆಟ್ಟಿಗೆ) ಸೇರಿಸಿದ್ದೇನೆ. ಅದನ್ನು ಸ್ವಲ್ಪ ದೂರ ಇಡಬೇಕಾಯಿತು, ಹಾಗಾಗಿ ಟರ್ನ್‌ಟೇಬಲ್‌ನಿಂದ ಅದಕ್ಕೆ ಉದ್ದನೆಯ ಕೇಬಲ್. ಅಲ್ಲಿಂದ ಶುರುವಾಯ್ತು ನೋಡಿ. ಹಾಡುವವರ ಸ, ಶ, ಚ ಎಲ್ಲ ಕಿವಿಗೆ ಚುಚ್ಚುತ್ತವೆ. ರೆಕಾರ್ಡಿನ ಚಟಪಟ ಸದ್ದು ಕೂಡ ಜಾಸ್ತಿ ಆಗಿದೆ.

ಪರಿಚಯದವರೊಬ್ಬರು ಇದು ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ, ಓಮ್‌ನಲ್ಲಿ) ಮಿಸ್‌ಮ್ಯಾಚ್ ಅಂದರು. ಕಾರ್ಟ್ರಿಜ್ 3.3 ಕಿಲೋ ಓಮ್, ಫೋನೋ ಸ್ಟೇಜ್ ಇನ್‌ಪುಟ್ 47 ಕಿಲೋ ಓಮ್. ಫೋನೋ ಸ್ಟೇಜ್ ಔಟ್‌ಪುಟ್ 200 ಓಮ್, ಆಂಪ್ ಇನ್‌ಪುಟ್ ಮತ್ತೆ 47 ಕಿಲೋ ಓಮ್. ಒಂದಕ್ಕೊಂದು ತಾಳೆಯೇ ಇಲ್ಲ, ಎರಡೂ ಕಡೆ ಟ್ರಾನ್ಸ್‌ಫಾರ್ಮರ್ ಹಾಕಿ ಸಮ ಮಾಡಬೇಕು ಅನ್ನುತ್ತಾರೆ. ನಿಜವಾ?

ಓಮ್‌ಲೆಕ್ಕ

ಟ್ರಾನ್ಸ್‌ಫಾರ್ಮರ್ ಬೇಡ. ಎರಡೂ ಕಡೆ ಬೇಡ.

ಇಂಪೀಡೆನ್ಸ್ ಸಮ ಇರಬೇಕು ಅನ್ನೋ ಮಾತು ಟೆಲಿಫೋನ್ ಲೈನಿನ ಕಾಲದ್ದು. ಮೈಲಿಗಟ್ಟಲೆ ತಂತಿ, ಎರಡೂ ತುದಿಯಲ್ಲಿ 600 ಓಮ್. ಅಲ್ಲಿ ಪವರ್ ದಾಟಿಸಬೇಕಿತ್ತು, ಸಿಗ್ನಲ್ ಆ ತುದಿಗೆ ತಾಗಿ ವಾಪಸ್ ಬರಬಾರದಿತ್ತು. ಟಿವಿ ಆಂಟೆನಾದ 75 ಓಮ್ ಕೇಬಲ್ಲಿಗೂ ಅದೇ ಕಾರಣ. ನಮ್ಮ ಆಡಿಯೋ ಪೆಟ್ಟಿಗೆಗಳ ನಡುವೆ ದಾಟುವುದು ವೋಲ್ಟೇಜ್. ಅದಕ್ಕೆ ಬೇಕಾದದ್ದು ಕೊಡುವ ಕಡೆ ಕಡಿಮೆ ಓಮ್, ತಗೊಳ್ಳುವ ಕಡೆ ಜಾಸ್ತಿ ಓಮ್. ಹತ್ತು ಪಟ್ಟು ಇದ್ದರೆ ಸಾಕು ಅನ್ನೋದು ರೂಢಿ.

ಲೆಕ್ಕ ನೋಡಿ. ಹತ್ತು ಪಟ್ಟು ಇದ್ದಾಗ ನಷ್ಟ 0.8 ಡಿಬಿ (ಡೆಸಿಬಲ್, ಸಿಗ್ನಲ್ ಮಟ್ಟದ ಅಳತೆ). ನಿಮ್ಮ 200 ಓಮ್‌ನಿಂದ 47 ಕಿಲೋ ಓಮ್‌ಗೆ ಆಗುವ ನಷ್ಟ 0.04 ಡಿಬಿ, ಅಂದರೆ ಏನೂ ಇಲ್ಲ. ತಗೊಳ್ಳುವ ಕಡೆಯನ್ನೂ 200 ಓಮ್‌ಗೇ ಇಳಿಸಿ ಸಮ ಮಾಡಿದಿರಿ ಅಂತಿಟ್ಟುಕೊಳ್ಳಿ, ಸಿಗ್ನಲ್ ಅರ್ಧಕ್ಕೆ ಇಳಿಯುತ್ತದೆ. 6 ಡಿಬಿ ಸುಮ್ನೆ ಹೋಯ್ತು.

ಫೋನೋ ಸ್ಟೇಜ್‌ನಿಂದ ಆಚೆಗೆ ನಿಮ್ಮಲ್ಲಿ ಎಲ್ಲಾ ಸರಿ ಇದೆ. ತೊಂದರೆ ಇರುವುದು ಈಚೆ, ಕಾರ್ಟ್ರಿಜ್ ಕಡೆ.

ಸೂಜಿಮೊನೆ

ಧನ್ಯವಾದ ಸರ್. ಆದರೆ ಕಾರ್ಟ್ರಿಜ್ ಕಡೆಯೂ 3.3ಕ್ಕೆ 47 ಅಂದರೆ ಹದಿನಾಲ್ಕು ಪಟ್ಟು ಇದೆಯಲ್ಲ? ನಿಮ್ಮ ರೂಢಿಯ ಪ್ರಕಾರ ಅದೂ ಪಾಸ್ ಆಗಬೇಕಿತ್ತು ಅಲ್ವಾ?

ಓಮ್‌ಲೆಕ್ಕ

ಒಳ್ಳೆ ಪ್ರಶ್ನೆ. ಆ 3.3 ಕಿಲೋ ಓಮ್ ಅನ್ನೋದು 1 ಕಿಲೋಹರ್ಟ್ಜ್‌ನಲ್ಲಿ ಮಾತ್ರ. ನಿಮ್ಮದರಂಥ ಎಂಎಂ (ಮೂವಿಂಗ್ ಮ್ಯಾಗ್ನೆಟ್, ಸೂಜಿಯ ಜೊತೆ ಅಯಸ್ಕಾಂತ ಅಲುಗುವ) ಕಾರ್ಟ್ರಿಜ್ ಒಳಗೆ ಇರುವುದು ಸಾವಿರಾರು ಸುತ್ತಿನ ಕಾಯಿಲ್. ವಿಎಂ95ಇ ಬರೀ ಡಿಸಿಯಲ್ಲಿ 485 ಓಮ್. ಆದರೆ ಇಂಡಕ್ಟನ್ಸ್ (ಬದಲಾಗುವ ಕರೆಂಟನ್ನು ಕಾಯಿಲ್ ವಿರೋಧಿಸುವ ಗುಣ) 550 ಮಿಲಿಹೆನ್ರಿ. ಫ್ರೀಕ್ವೆನ್ಸಿ ಏರಿದ ಹಾಗೆ ಇಂಪೀಡೆನ್ಸ್ ಕೂಡ ಏರುತ್ತದೆ. 10 ಕಿಲೋಹರ್ಟ್ಜ್‌ಗೆ ಸುಮಾರು 35 ಕಿಲೋ ಓಮ್. 20ಕ್ಕೆ ಸುಮಾರು 69 ಕಿಲೋ ಓಮ್. ತಗೊಳ್ಳುವ ಕಡೆಯ 47ನ್ನೂ ಮೀರಿತು ನೋಡಿ. ಟ್ರೆಬಲ್‌ನಲ್ಲಿ (ಎತ್ತರದ ಸ್ವರಗಳಲ್ಲಿ) ಹತ್ತು ಪಟ್ಟಿನ ಮಾತು ಅಲ್ಲಿಗೇ ಬಿದ್ದುಹೋಯ್ತು.

ಹಾಗಾದರೆ ಟ್ರೆಬಲ್ ಪೂರ್ತಿ ಸತ್ತುಹೋಗಬೇಕಿತ್ತಲ್ಲ? ಹೋಗುವುದಿಲ್ಲ. ಯಾಕೆಂದರೆ ಕೇಬಲ್ ಮತ್ತು ಫೋನೋ ಸ್ಟೇಜ್‌ನ ಕೆಪಾಸಿಟನ್ಸ್ (ಚಾರ್ಜ್ ಹಿಡಿದಿಡುವ ಗುಣ, ಪಿಕೋಫ್ಯಾರಡ್‌ನಲ್ಲಿ) ಆ ಕಾಯಿಲ್ ಜೊತೆ ಸೇರಿ ಮೇಲೆ ಎಲ್ಲೋ ಒಂದು ರೆಸೊನೆನ್ಸ್ (ಒಂದು ಫ್ರೀಕ್ವೆನ್ಸಿಯ ಸುತ್ತ ಸಿಗ್ನಲ್ ಉಬ್ಬುವುದು) ಹುಟ್ಟಿಸುತ್ತದೆ. ಅದು ಬೀಳುತ್ತಿರುವ ಟ್ರೆಬಲ್ಲನ್ನು ಎತ್ತಿ ಹಿಡಿಯುತ್ತದೆ. ಕಾರ್ಟ್ರಿಜ್ ಮಾಡುವವರು ಇದನ್ನೂ ಲೆಕ್ಕಕ್ಕೆ ತಗೊಂಡೇ ವಿನ್ಯಾಸ ಮಾಡಿರುತ್ತಾರೆ. ಅದಕ್ಕೇ ಆಡಿಯೋ-ಟೆಕ್ನಿಕಾ 47 ಕಿಲೋ ಓಮ್ ಜೊತೆಗೆ 100ರಿಂದ 200 ಪಿಕೋಫ್ಯಾರಡ್ ಅಂತ ಕೊಟ್ಟಿದೆ. ಎಲ್ಲರೂ ಮೊದಲ ಸಂಖ್ಯೆ ನೋಡುತ್ತಾರೆ, ಎರಡನೆಯದು ಯಾರಿಗೂ ಬೇಡ.

ನಿಮ್ಮ ಫೋನೋ ಸ್ಟೇಜ್‌ನ ಇನ್‌ಪುಟ್ ಕೆಪಾಸಿಟನ್ಸ್ ಎಷ್ಟು? ಕೇಬಲ್ ಎಷ್ಟು ಉದ್ದ?

ಸೂಜಿಮೊನೆ

ಕೇಬಲ್ ಒಂದೂವರೆ ಮೀಟರ್. ಮ್ಯಾನುಯಲ್‌ನಲ್ಲಿ 47 ಕಿಲೋ ಓಮ್, 220 ಪಿಕೋಫ್ಯಾರಡ್ ಅಂತ ಇದೆ. ಕೇಬಲ್‌ದು ಗೊತ್ತಿಲ್ಲ, ಅದರ ಮೇಲೆ ಏನೂ ಬರೆದಿಲ್ಲ.

ಮಂದ್ರಸ್ಥಾಯಿ

ಫೋನೋ ಸ್ಟೇಜ್ ಒಂದೇ 220 ಅಂದರೆ ಗಡಿ ಅಲ್ಲಿಗೇ ದಾಟಿತು. ಇನ್ನು ಕೇಬಲ್, ಟೋನ್‌ಆರ್ಮ್ (ಕಾರ್ಟ್ರಿಜ್ ಹೊತ್ತ ತೋಳು) ಒಳಗಿನ ತಂತಿ ಎಲ್ಲ ಅದಕ್ಕೆ ಕೂಡುತ್ತವೆ. ಸಾಮಾನ್ಯ ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಅಂದುಕೊಳ್ಳಿ. ಒಟ್ಟು 400ರ ಹತ್ತಿರ ಇರಬಹುದು.

ಅಂದಾಜು ಬೇಡ ಅಂದರೆ ಅಳೆಯಬಹುದು. ಮಲ್ಟಿಮೀಟರ್‌ನಲ್ಲಿ ಕೆಪಾಸಿಟನ್ಸ್ ರೇಂಜ್ ಇರಬೇಕು. ಹೆಡ್‌ಶೆಲ್ (ತೋಳಿನ ತುದಿಯಲ್ಲಿ ಕಾರ್ಟ್ರಿಜ್ ಕೂರುವ ಭಾಗ) ಬಿಚ್ಚಿ. ಬಿಚ್ಚಲು ಬರದಿದ್ದರೆ ಕಾರ್ಟ್ರಿಜ್ ಹಿಂದಿನ ನಾಲ್ಕು ಪುಟ್ಟ ಕ್ಲಿಪ್ ತೆಗೆಯಿರಿ, ಅವು ಒಂದಕ್ಕೊಂದು ತಾಗದ ಹಾಗೆ ನೋಡಿಕೊಳ್ಳಿ. ಕೇಬಲ್ಲನ್ನು ಫೋನೋ ಸ್ಟೇಜ್‌ನಿಂದ ಕೀಳಿ. ಈಗ ಆರ್‌ಸಿಎ ಪಿನ್ನಿನ ನಡುವಿನ ಕಡ್ಡಿ ಮತ್ತು ಹೊರಗಿನ ಬಳೆಯ ನಡುವೆ ಅಳೆಯಿರಿ. ಮೀಟರಿನ ತಂತಿಗಳಿಗೇ ಒಂದಿಷ್ಟು ಕೆಪಾಸಿಟನ್ಸ್ ಇರುತ್ತದೆ. ಏನೂ ಮುಟ್ಟಿಸದೆ ತೋರಿಸುವ ಅಂಕಿಯನ್ನು ಕಳೆದುಬಿಡಿ.

ಒಂದು ಎಚ್ಚರಿಕೆ. ಕಾರ್ಟ್ರಿಜ್ ಹಾಕಿಟ್ಟು ಓಮ್ ರೇಂಜ್‌ನಲ್ಲಿ ಅಳೆಯಬೇಡಿ. ಮೀಟರ್ ತಾನೇ ಕರೆಂಟ್ ಹರಿಸುತ್ತದೆ. ಎಂಸಿ (ಮೂವಿಂಗ್ ಕಾಯಿಲ್, ಸೂಜಿಯ ಜೊತೆ ಕಾಯಿಲ್ಲೇ ಅಲುಗುವ ಕಾರ್ಟ್ರಿಜ್) ಆದರಂತೂ ಕಾಯಿಲ್‌ನ ತಂತಿ ಕೂದಲಿಗಿಂತ ತೆಳು, ಅದರ ಮೇಲೆ ಯಾಕೆ ಪ್ರಯೋಗ.

ಓಮ್‌ಲೆಕ್ಕ

ಮಂದ್ರಸ್ಥಾಯಿ ಅವರ 400ನ್ನೇ ಇಟ್ಟುಕೊಂಡು ಲೆಕ್ಕ ಹಾಕಿದೆ.

550 ಮಿಲಿಹೆನ್ರಿಗೆ 400 ಪಿಕೋಫ್ಯಾರಡ್ ಸೇರಿದರೆ ರೆಸೊನೆನ್ಸ್ 10.7 ಕಿಲೋಹರ್ಟ್ಜ್. 47 ಕಿಲೋ ಓಮ್ ಅದನ್ನು ಪೂರ್ತಿ ತಡೆಯಲಾರದು. ಕಾಗದದ ಮೇಲೆ 9 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಹೆಚ್ಚುಕಡಿಮೆ 3 ಡಿಬಿ ಉಬ್ಬು ಬರುತ್ತದೆ, ಆಮೇಲೆ ಕಡಿದಾಗಿ ಇಳಿಯುತ್ತದೆ. ಸ, ಶ ಉಸಿರು ಕೂಡ ಆ ಸುತ್ತಲೇ ಇರೋದು. ನಿಮ್ಮ ಕಿವಿ ಸುಳ್ಳು ಹೇಳಿಲ್ಲ. ಚಟಪಟ ಜಾಸ್ತಿ ಆಗಿರುವುದಕ್ಕೂ ಇದೇ ಕಾರಣ. ರೆಕಾರ್ಡಿನ ಗೀರು ಅಂದರೆ ಒಂದು ಚುರುಕಾದ ಹೊಡೆತ. ಜೋಕಾಲಿಗೆ ಒಮ್ಮೆ ತಳ್ಳು ಕೊಟ್ಟ ಹಾಗೆ, ರೆಸೊನೆನ್ಸ್ ಇರುವ ಜಾಗದಲ್ಲಿ ಅದು ಇನ್ನಷ್ಟು ಹೊತ್ತು ತೂಗುತ್ತದೆ.

ಅದೇ 150 ಪಿಕೋಫ್ಯಾರಡ್ ಆಗಿದ್ದರೆ ರೆಸೊನೆನ್ಸ್ 17.5 ಕಿಲೋಹರ್ಟ್ಜ್‌ಗೆ ಏರುತ್ತದೆ. ಉಬ್ಬು ಬರೀ 0.1 ಡಿಬಿ. ಹೆಚ್ಚುಕಡಿಮೆ ಚಪ್ಪಟೆ.

ಮಂದ್ರಸ್ಥಾಯಿ

ಸಣ್ಣ ತಿದ್ದುಪಡಿ ಸರ್. ನಿಮ್ಮ ಲೆಕ್ಕದಲ್ಲಿ ಕಾಯಿಲ್ ನಡುವಿನ ಲೋಹದ ನಷ್ಟ ಬಂದಿಲ್ಲ. ನಿಜವಾದ ಕಾರ್ಟ್ರಿಜ್‌ನಲ್ಲಿ ಫ್ರೀಕ್ವೆನ್ಸಿ ಏರಿದ ಹಾಗೆ ಆ ನಷ್ಟವೂ ಏರುತ್ತದೆ, ಉಬ್ಬು ಇನ್ನೊಂದಿಷ್ಟು ತಗ್ಗುತ್ತದೆ. ಜೊತೆಗೆ ಸೂಜಿ, ಅದನ್ನು ಹಿಡಿದ ಕ್ಯಾಂಟಿಲಿವರ್ ಕಡ್ಡಿಗಳದ್ದೇ ಬೇರೆ ಯಾಂತ್ರಿಕ ರೆಸೊನೆನ್ಸ್ ಇರುತ್ತದೆ. ಹಾಗಾಗಿ 3 ಡಿಬಿ ಅಂತ ಗೋಡೆಗೆ ಬರೆದಿಟ್ಟುಕೊಳ್ಳುವುದು ಬೇಡ. ದಿಕ್ಕು ಮಾತ್ರ ಸರಿ.

ಓಮ್‌ಲೆಕ್ಕ

ಒಪ್ಪಿದೆ. ದಿಕ್ಕು ತಿಳಿದರೆ ಸಾಕು, ಉಳಿದದ್ದು ಕಿವಿ ನೋಡಿಕೊಳ್ಳುತ್ತದೆ.

ಬೆಳ್ಳಿತಂತಿ

ನೀವೆಲ್ಲ ಕೇಬಲ್ ಅಂದರೆ ಬರೀ ಪಿಕೋಫ್ಯಾರಡ್ ಅನ್ನುತ್ತಿದ್ದೀರಿ. ನಾನು ಫೋನೋ ಸ್ಟೇಜ್‌ನಿಂದ ಆಂಪ್‌ಗೆ ಬೆಳ್ಳಿ ಕೇಬಲ್ ಹಾಕಿದ ಮೇಲೆ ಧ್ವನಿ ಬಿಚ್ಚಿಕೊಂಡಿತು. ಇಂಪೀಡೆನ್ಸ್ ಸರಿಹೋಗಿದ್ದಕ್ಕೇ ಅಲ್ವಾ?

ಓಮ್‌ಲೆಕ್ಕ

ಅಲ್ಲ ಗುರುವೇ. 200 ಓಮ್ ಔಟ್‌ಪುಟ್‌ಗೆ 500 ಪಿಕೋಫ್ಯಾರಡ್ ಕೇಬಲ್ ಹಾಕಿದರೂ ಟ್ರೆಬಲ್ ಇಳಿಯಲು ಶುರುವಾಗೋದು 1.6 ಮೆಗಾಹರ್ಟ್ಜ್‌ನಲ್ಲಿ. ಬಾವಲಿಗೂ ಕೇಳಿಸಲ್ಲ. ಬೆಳ್ಳಿ ಇರಲಿ ತಾಮ್ರ ಇರಲಿ, ಒಂದು ಮೀಟರಿಗೆ ಬರುವ ವ್ಯತ್ಯಾಸ ಓಮ್‌ನ ಸಣ್ಣದೊಂದು ತುಣುಕು. ಎದುರಿಗೆ 47 ಸಾವಿರ ಓಮ್ ಕೂತಿದೆ.

ಎಂಎಂ ಕಾರ್ಟ್ರಿಜ್‌ನಿಂದ ಫೋನೋ ಸ್ಟೇಜ್‌ವರೆಗಿನ ಕೇಬಲ್ ಮಾತ್ರ ಬೇರೆ ವಿಷಯ. ಅಲ್ಲಿ ಕೇಬಲ್ ಬದಲಿಸಿದರೆ ಧ್ವನಿ ನಿಜವಾಗಿ ಬದಲಾಗುತ್ತದೆ. ಆದರೆ ಅದು ಲೋಹದ ಗುಣ ಅಲ್ಲ, ಕೆಪಾಸಿಟನ್ಸ್. ಗಿಡ್ಡ ಇರಬೇಕು, ಶೀಲ್ಡಿಂಗ್ ಗಟ್ಟಿ ಇರಬೇಕು. ಅಷ್ಟೇ.

ಬೆಳ್ಳಿತಂತಿ

ನನ್ನ ಕಿವಿ ನನಗೆ ಗೊತ್ತು. ಇರಲಿ, ಜಗಳ ಬೇಡ. ಮುಂದುವರಿಸಿ.

ಹಳೇತಟ್ಟೆ

ಎಂಸಿ ಬಳಗದಿಂದ ಒಂದು ಪ್ರಶ್ನೆ. ನನ್ನದು ಡೆನಾನ್ ಡಿಎಲ್-103. 1960ರ ದಶಕದಲ್ಲಿ ಜಪಾನಿನ ಎನ್‌ಎಚ್‌ಕೆ ಪ್ರಸಾರಕ್ಕಾಗಿ ಬಂದ ಕಾರ್ಟ್ರಿಜ್, ಇವತ್ತಿಗೂ ತಯಾರಾಗುತ್ತಿದೆ. 40 ಓಮ್, 0.3 ಮಿಲಿವೋಲ್ಟ್. ಇದಕ್ಕೆ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಹಾಕಬೇಕು. 1:10 ತಗೊಳ್ಳಲಾ, 1:40 ತಗೊಳ್ಳಲಾ? ಸಿಗ್ನಲ್ ಇಷ್ಟು ಚಿಕ್ಕದು, ನಾಲ್ವತ್ತು ಪಟ್ಟು ಎತ್ತಿದರೆ ಒಳ್ಳೆಯದೇ ಅಲ್ವಾ?

ಓಮ್‌ಲೆಕ್ಕ

ಈ ಪ್ರಶ್ನೆಗೆ ಪುಟಗಟ್ಟಲೆ ಬರೆಯಬಹುದು. ನನಗೆ ತುಂಬ ಇಷ್ಟದ ಜಾಗ ಇದು.

ಟ್ರಾನ್ಸ್‌ಫಾರ್ಮರ್‌ಗೆ ಸ್ವಂತದ್ದು ಅನ್ನೋ ಇಂಪೀಡೆನ್ಸ್ ಇಲ್ಲ ಅಂದುಕೊಳ್ಳಿ. ಆಚೆ ಇರುವ 47 ಕಿಲೋ ಓಮ್ಮನ್ನು ಅದು ಈಚೆಗೆ ಚಿಕ್ಕದು ಮಾಡಿ ತೋರಿಸುತ್ತದೆ. ಎಷ್ಟು ಚಿಕ್ಕದು? ಸುತ್ತುಗಳ ಅನುಪಾತದ ವರ್ಗದಷ್ಟು. 1:10 ಆದರೆ 47,000ವನ್ನು 100ರಿಂದ ಭಾಗಿಸಿ. ಕಾರ್ಟ್ರಿಜ್‌ಗೆ ಕಾಣುವುದು 470 ಓಮ್. 1:20 ಆದರೆ 400ರಿಂದ ಭಾಗಿಸಿ, 117 ಓಮ್. 1:30 ಆದರೆ 52. 1:40 ಆದರೆ 29.

ನಿಮ್ಮ ಕಾಯಿಲ್ 40 ಓಮ್. 29 ಓಮ್ ಲೋಡ್ (ಕಾರ್ಟ್ರಿಜ್‌ಗೆ ಎದುರು ಕಾಣುವ ತಡೆ) ಹಾಕಿದರೆ ಸಿಗ್ನಲ್‌ನ ಅರ್ಧಕ್ಕಿಂತ ಜಾಸ್ತಿ ಕಾಯಿಲ್ ಒಳಗೇ ಉಳಿದುಹೋಗುತ್ತದೆ. ಹಾಗಾಗಿ ನಲವತ್ತು ಪಟ್ಟು ಅನ್ನೋದು ಹೆಸರಿಗೆ ಮಾತ್ರ. ಫೋನೋ ಸ್ಟೇಜ್‌ಗೆ ತಲುಪುವ ವೋಲ್ಟೇಜ್ ಹೀಗೆ ಬರುತ್ತದೆ: 1:10ರಲ್ಲಿ 2.8 ಮಿಲಿವೋಲ್ಟ್, 1:20ರಲ್ಲಿ 4.5, 1:30ರಲ್ಲಿ 5.1, 1:40ರಲ್ಲೂ 5.1. ಮೂವತ್ತರಿಂದ ನಲವತ್ತಕ್ಕೆ ಹೋದರೆ ಒಂದು ಚೂರೂ ಗಳಿಕೆ ಇಲ್ಲ! ಅದಕ್ಕೂ ಮೇಲೆ ಹೋದರೆ ವೋಲ್ಟೇಜ್ ಇಳಿಯೋಕೇ ಶುರು. ಸೂಜಿಮೊನೆ ಅವರ ಪರಿಚಯದವರು ಹೇಳಿದ ಸಮ ಇಂಪೀಡೆನ್ಸ್ ಇದೆಯಲ್ಲ, ಅದು ಇಲ್ಲಿ 1:34ರ ಹತ್ತಿರ ಬರುತ್ತದೆ. ಅಲ್ಲೇ ವೋಲ್ಟೇಜ್ ಶಿಖರ. ಅರ್ಧ ಸಿಗ್ನಲ್ ಕಾಯಿಲ್ ಒಳಗೇ ಉಳಿಯೋದೂ ಅಲ್ಲೇ.

ನನ್ನ ಆಯ್ಕೆ ಕೇಳಿದರೆ 1:10. ಲೋಡ್ ಹತ್ತು ಪಟ್ಟಿಗಿಂತ ಜಾಸ್ತಿ ಇರುತ್ತದೆ, 2.8 ಮಿಲಿವೋಲ್ಟ್ ಯಾವ ಎಂಎಂ ಇನ್‌ಪುಟ್‌ಗೂ ಸಾಲುತ್ತದೆ. ಫೋನೋ ಸ್ಟೇಜ್ ಸ್ವಲ್ಪ ಗುಂಯ್‌ಗುಟ್ಟುವಂಥದ್ದಾದರೆ 1:20 ನೋಡಿ.

ಹಳೇತಟ್ಟೆ

ಅದ್ಭುತ. ಆದರೆ ಒಂದು ಅನುಮಾನ. ಗೆಳೆಯನ ಹತ್ತಿರ ಇರುವ 1:30 ಹಾಕಿ ಕೇಳಿದಾಗ ಧ್ವನಿ ಮೈಕೈ ತುಂಬಿಕೊಂಡ ಹಾಗಿತ್ತು. 1:10ರಲ್ಲಿ ಪೇಲವ.

ಮಂದ್ರಸ್ಥಾಯಿ

ಎರಡಕ್ಕೂ ವಾಲ್ಯೂಮ್ ಒಂದೇ ಇಟ್ಟಿದ್ದಿರಾ? ಓಮ್‌ಲೆಕ್ಕ ಅವರ ಅಂಕಿಗಳ ಪ್ರಕಾರ 2.8ಕ್ಕೂ 5.1ಕ್ಕೂ ನಡುವೆ 5 ಡಿಬಿ ವ್ಯತ್ಯಾಸ ಇದೆ. ಅಷ್ಟು ಜೋರಾದರೆ ಯಾವುದೂ ಮೈಕೈ ತುಂಬಿಕೊಂಡ ಹಾಗೇ ಕೇಳಿಸುತ್ತದೆ.

ಲೋಡಿಂಗ್ ಬಗ್ಗೆ ಜನ ಬರೆಯುವ ಅರ್ಧ ಮಾತು ಇದೇ ಬಲೆಗೆ ಬಿದ್ದಿರೋದು. ಎಂಸಿ ಫೋನೋ ಸ್ಟೇಜ್‌ನಲ್ಲಿ 1000 ಓಮ್‌ನಿಂದ 100 ಓಮ್‌ಗೆ ಗುಂಡಿ ಬದಲಿಸುತ್ತಾರೆ. ಟ್ರೆಬಲ್ ಮೆತ್ತಗಾಯ್ತು, ಗಾಯಕಿ ಹಿಂದೆ ಸರಿದರು ಅನ್ನುತ್ತಾರೆ. 10 ಓಮ್ ಕಾಯಿಲ್ ಇದ್ದರೆ ಅಲ್ಲಿ ನಿಜವಾಗಿ ಆಗಿದ್ದು ಮುಕ್ಕಾಲು ಡಿಬಿ ಸದ್ದು ಇಳಿದದ್ದು. ಎಂಸಿ ಕಾಯಿಲ್‌ನ ಇಂಡಕ್ಟನ್ಸ್ ಹತ್ತಾರು ಮೈಕ್ರೋಹೆನ್ರಿ ಅಷ್ಟೇ. 30 ಮೈಕ್ರೋಹೆನ್ರಿಗೆ 100 ಓಮ್ ಲೋಡ್ ಹಾಕಿದರೂ ಟ್ರೆಬಲ್ ಇಳಿಯೋದು 500 ಕಿಲೋಹರ್ಟ್ಜ್ ದಾಟಿದ ಮೇಲೆ. ಎಂಎಂ ಲೆಕ್ಕವನ್ನು ತಂದು ಎಂಸಿಗೆ ಅಂಟಿಸಬಾರದು.

ಬೆಳ್ಳಿತಂತಿ

ಹಾಗಾದರೆ ಎಂಸಿ ಲೋಡಿಂಗ್ ಅನ್ನೋದೇ ಸುಳ್ಳಾ? ನನ್ನ ಫೋನೋ ಸ್ಟೇಜ್‌ನಲ್ಲಿ ಲೋಡ್ ಬದಲಿಸಿದರೆ ವ್ಯತ್ಯಾಸ ಇದ್ದೇ ಇದೆ. ವಾಲ್ಯೂಮ್ ಸಮ ಮಾಡಿಯೇ ಕೇಳಿದ್ದೇನೆ, ಪರೀಕ್ಷೆಗೆ ಬರುವ ರೆಕಾರ್ಡಿನ 1 ಕಿಲೋಹರ್ಟ್ಜ್ ಟೋನ್ ಇಟ್ಟು ಮೀಟರ್ ಹಿಡಿದು.

ಮಂದ್ರಸ್ಥಾಯಿ

ಟೋನ್ ಇಟ್ಟು ಸಮ ಮಾಡಿದ್ದೀರಿ ಅಂದರೆ ಮಾತು ಬೇರೆ, ಅದನ್ನು ಗೌರವಿಸಲೇಬೇಕು. ಕಾರಣ ಇರಬಹುದು. ಆ ಪುಟ್ಟ ಇಂಡಕ್ಟನ್ಸ್ ಕೇಬಲ್ ಕೆಪಾಸಿಟನ್ಸ್ ಜೊತೆ ಸೇರಿ ಮೆಗಾಹರ್ಟ್ಜ್ ಮಟ್ಟದಲ್ಲಿ ಒಂದು ರೆಸೊನೆನ್ಸ್ ಮಾಡುತ್ತದೆ. ಲೋಡ್ ಜಾಸ್ತಿ ಓಮ್ ಇದ್ದರೆ ಅದಕ್ಕೆ ಕಡಿವಾಣ ಇಲ್ಲ. ನಮಗೆ ಅದು ಕೇಳಿಸಲ್ಲ, ಆದರೆ ಕೆಲವು ಫೋನೋ ಸ್ಟೇಜ್‌ಗಳ ಮೊದಲ ಹಂತ ಅದಕ್ಕೆ ತಡಬಡಾಯಿಸುತ್ತದೆ, ಅದರ ಕೊಳೆ ಕೆಳಗೆ ಬಂದು ಸಂಗೀತದಲ್ಲಿ ಸೇರುತ್ತದೆ. ಚೆನ್ನಾಗಿ ಮಾಡಿದ ಫೋನೋ ಸ್ಟೇಜ್ ಆದರೆ ಲೋಡ್ ಬದಲಿಸಿದರೂ ಹೆಚ್ಚು ವ್ಯತ್ಯಾಸ ಬರಬಾರದು.

ಬೆಳ್ಳಿತಂತಿ

ಅಂದರೆ ನನ್ನ ಫೋನೋ ಸ್ಟೇಜ್ ಸರಿ ಇಲ್ಲ ಅಂತ ಸಭ್ಯವಾಗಿ ಹೇಳಿದಿರಿ 😄

ಪೆಟ್ಟಿಗೆಪ್ಲೇಯರ್

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು ಸೂಟ್‌ಕೇಸ್ ಮಾದರಿಯ ಹಳೆ ಪ್ಲೇಯರ್. ಅದರಲ್ಲಿ ಸೆರಾಮಿಕ್ ಕಾರ್ಟ್ರಿಜ್. ಒಳಗಿನ ಆಂಪ್ ಸತ್ತಿದೆ. ಕಾರ್ಟ್ರಿಜ್ ತಂತಿಯನ್ನು ನೇರ ಫೋನೋ ಇನ್‌ಪುಟ್‌ಗೆ ಕೊಟ್ಟರೆ ಧ್ವನಿ ಒಡೆದು ಚೀರುತ್ತದೆ, ಬೇಸ್ ಹೆಸರಿಗೂ ಇಲ್ಲ.

ಓಮ್‌ಲೆಕ್ಕ

ಫೋನೋಗೆ ಬೇಡ. ಸೆರಾಮಿಕ್ ಕಾರ್ಟ್ರಿಜ್ ಕೊಡುವುದು ಎಂಎಂಗಿಂತ ಎಷ್ಟೋ ಪಟ್ಟು ದೊಡ್ಡ ಸಿಗ್ನಲ್, ಅದಕ್ಕೇ ಒಡೆಯುತ್ತಿದೆ. ಬೇಸ್ ಹೋದದ್ದು ಲೋಡ್‌ನಿಂದ. ಅದು ಕಾಯಿಲ್ ಅಲ್ಲ, ಒಂದು ಪುಟ್ಟ ಕೆಪಾಸಿಟರ್ ಇದ್ದ ಹಾಗೆ. 800 ಪಿಕೋಫ್ಯಾರಡ್ ಅಂದುಕೊಂಡರೆ 47 ಕಿಲೋ ಓಮ್‌ಗೆ 4 ಕಿಲೋಹರ್ಟ್ಜ್‌ನಿಂದ ಕೆಳಗೆ ಎಲ್ಲ ಇಳಿಮುಖ. 1 ಮೆಗಾಓಮ್ ಕೊಟ್ಟರೆ ಆ ಇಳಿತ 200 ಹರ್ಟ್ಜ್‌ಗೆ ಸರಿಯುತ್ತದೆ. ಒಂದು ಸಾದಾ ಎಫ್‌ಇಟಿ ಬಫರ್ (ಜಾಸ್ತಿ ಓಮ್‌ನಲ್ಲಿ ತಗೊಂಡು ಕಡಿಮೆ ಓಮ್‌ನಲ್ಲಿ ಕೊಡುವ ಟ್ರಾನ್ಸಿಸ್ಟರ್ ಸರ್ಕ್ಯೂಟ್) ಕಟ್ಟಿ, ಇನ್‌ಪುಟ್ 1 ಮೆಗಾಓಮ್ ಅಥವಾ ಇನ್ನೂ ಜಾಸ್ತಿ ಇರಲಿ. ಅಲ್ಲಿಂದ ಆಂಪ್‌ನ ಲೈನ್ ಇನ್‌ಪುಟ್‌ಗೆ ಕೊಡಿ. ನಿಮ್ಮ ಪ್ರಶ್ನೆಗೆ ಬೇರೆ ಚರ್ಚೆ ತೆಗೆದರೆ ಒಳ್ಳೆಯದು, ಅಲ್ಲಿ ಸರ್ಕ್ಯೂಟ್ ಹಾಕುತ್ತೇನೆ.

ದೀಪದಾಂಪ್

ಬೇಸ್ ಮಾತು ಬಂತಲ್ಲ. ನನ್ನ ಫೋನೋ ಸ್ಟೇಜ್ ವಾಲ್ವ್‌ನದ್ದು (ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬ್). ಹಳೆ ಆಂಪ್‌ನಲ್ಲಿ ಬೇಸ್ ಭರ್ಜರಿ ಇತ್ತು. ಈಗ ಸ್ಟುಡಿಯೋ ಮಾದರಿಯ, ಒಳಗೇ ಆಂಪ್ ಇರುವ ಆಕ್ಟಿವ್ ಸ್ಪೀಕರ್‌ಗೆ ಕೊಟ್ಟಿದ್ದೇನೆ, ಬೇಸ್ ಸೊರಗಿದೆ. ಅದರ ಇನ್‌ಪುಟ್ 10 ಕಿಲೋ ಓಮ್.

ಓಮ್‌ಲೆಕ್ಕ

ಇದು ನಿಜವಾದ ಇಂಪೀಡೆನ್ಸ್ ಮಿಸ್‌ಮ್ಯಾಚ್. ವಾಲ್ವ್ ಫೋನೋ ಸ್ಟೇಜ್‌ನ ಔಟ್‌ಪುಟ್‌ನಲ್ಲಿ ಡಿಸಿ ತಡೆಯಲು ಒಂದು ಕಪ್ಲಿಂಗ್ ಕೆಪಾಸಿಟರ್ ಇರುತ್ತದೆ. ಅದು 0.47 ಮೈಕ್ರೋಫ್ಯಾರಡ್ ಆಗಿದ್ದರೆ, 100 ಕಿಲೋ ಓಮ್ ಲೋಡ್‌ಗೆ 3 ಡಿಬಿ ಇಳಿತ ಬರೋದು 3.4 ಹರ್ಟ್ಜ್‌ನಲ್ಲಿ. 10 ಕಿಲೋ ಓಮ್‌ಗೆ ಅದು 34 ಹರ್ಟ್ಜ್. ಜೊತೆಗೆ ಔಟ್‌ಪುಟ್ ಇಂಪೀಡೆನ್ಸ್ 2 ಅಥವಾ 3 ಕಿಲೋ ಓಮ್ ಇದ್ದರೆ ಎಲ್ಲಾ ಫ್ರೀಕ್ವೆನ್ಸಿಯಲ್ಲೂ ಒಂದೆರಡು ಡಿಬಿ ನಷ್ಟ, ಕೆಲವು ಸರ್ಕ್ಯೂಟ್‌ಗಳಲ್ಲಿ ಡಿಸ್ಟಾರ್ಷನ್ ಕೂಡ ಏರುತ್ತದೆ. ಮಧ್ಯೆ ಒಂದು ಬಫರ್ ಹಾಕಿ, ಅಥವಾ ಗೊತ್ತಿರುವವರ ಕೈಯಲ್ಲಿ ಆ ಕೆಪಾಸಿಟರ್ ದೊಡ್ಡದು ಮಾಡಿಸಿ. ಒಳಗೆ ಇನ್ನೂರು ಮುನ್ನೂರು ವೋಲ್ಟ್ ಇರುತ್ತದೆ, ಸ್ವಿಚ್ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತದೆ. ಸುಮ್ನೆ ಕೈ ಹಾಕಬೇಡಿ.

ದೀಪದಾಂಪ್

ಮಧ್ಯೆ ಒಂದು ಪ್ಯಾಸಿವ್ ವಾಲ್ಯೂಮ್ ಪೆಟ್ಟಿಗೆ ಕೂಡ ಇದೆ, 50 ಕಿಲೋ ಓಮ್. ಹೇಳಲು ಮರೆತೆ.

ಮಂದ್ರಸ್ಥಾಯಿ

ಅಯ್ಯೋ, ಅದನ್ನೇ ಮೊದಲು ತೆಗೆಯಿರಿ! 50 ಕಿಲೋ ಓಮ್ ಪಾಟ್ (ವಾಲ್ಯೂಮ್ ಗುಂಡಿಯ ರೆಸಿಸ್ಟರ್) 6 ಡಿಬಿ ಇಳಿಸಿದ ಜಾಗದಲ್ಲಿ ಔಟ್‌ಪುಟ್ ಇಂಪೀಡೆನ್ಸ್ 12.5 ಕಿಲೋ ಓಮ್ ಆಗುತ್ತದೆ. ಎದುರಿಗೆ 10. ಅಲ್ಲಿಂದ ಮುಂದೆ ಉದ್ದ ಕೇಬಲ್ ಇದ್ದರೆ ಟ್ರೆಬಲ್ಲೂ ಹೋಗುತ್ತದೆ. ಆಕ್ಟಿವ್ ಸ್ಪೀಕರ್‌ಗೆ ತನ್ನದೇ ವಾಲ್ಯೂಮ್ ಗುಂಡಿ ಇದೆಯಲ್ಲ, ಅದನ್ನೇ ಬಳಸಿ.

ಸೂಜಿಮೊನೆ

ಅಳೆದು ಬಂದೆ. ಟೋನ್‌ಆರ್ಮ್ ಮತ್ತು ಕೇಬಲ್ ಸೇರಿ 165 ಪಿಕೋಫ್ಯಾರಡ್. ಫೋನೋ ಸ್ಟೇಜ್‌ನ 220 ಕೂಡಿಸಿದರೆ 385. ನಿಮ್ಮ ಅಂದಾಜು ಸರಿ ಇತ್ತು.

ಫೋನೋ ಸ್ಟೇಜ್ ಜಾಗ ಬದಲಿಸಿ ಅರ್ಧ ಮೀಟರ್ ಚಿಲ್ಲರೆಯ ಕೇಬಲ್ ಹಾಕಿದೆ. ಈಗ ಆ ಭಾಗ 85. ಆದರೂ ಒಟ್ಟು 305, ಧ್ವನಿ ಸ್ವಲ್ಪ ಮಾತ್ರ ಸುಧಾರಿಸಿದೆ. ಮ್ಯಾನುಯಲ್ ಕೊನೆಯ ಪುಟದಲ್ಲಿ ನೋಡಿದರೆ ಒಳಗೆ ಜಂಪರ್ (ಎರಡು ಪಿನ್ ಜೋಡಿಸುವ ಪುಟ್ಟ ಕ್ಲಿಪ್) ಇದೆಯಂತೆ. ತೆಗೆದರೆ 220 ಬದಲು 47 ಪಿಕೋಫ್ಯಾರಡ್. ತೆಗೆಯಲಾ? ಇನ್ನೊಂದು ಕಡೆ ಓದಿದೆ, ಲೋಡ್ ರೆಸಿಸ್ಟರ್ 47ರಿಂದ 30 ಕಿಲೋ ಓಮ್‌ಗೆ ಇಳಿಸಿದರೂ ಉಬ್ಬು ಹೋಗುತ್ತದೆ ಅಂತ.

ಓಮ್‌ಲೆಕ್ಕ

ಕರೆಂಟ್ ತೆಗೆದು ಜಂಪರ್ ಕೀಳಿ. 85ಕ್ಕೆ 47 ಸೇರಿದರೆ 132. ಆಡಿಯೋ-ಟೆಕ್ನಿಕಾ ಹೇಳಿದ ಮಿತಿಯೊಳಗೆ ಬಂತು.

30 ಕಿಲೋ ಓಮ್‌ಗೆ ಇಳಿಸಿದರೆ ಉಬ್ಬು ತಗ್ಗುತ್ತದೆ ನಿಜ. ಆದರೆ 305 ಪಿಕೋಫ್ಯಾರಡ್ ಹಾಗೇ ಉಳಿದರೆ ರೆಸೊನೆನ್ಸ್ 12 ಕಿಲೋಹರ್ಟ್ಜ್‌ನಲ್ಲೇ ಇರುತ್ತದೆ, ಅದರ ಮೇಲಿನದ್ದೆಲ್ಲ ಬೇಗ ಇಳಿದುಹೋಗುತ್ತದೆ. ಚುಚ್ಚು ಹೋಗಿ ಮಬ್ಬು ಬರುತ್ತದೆ. ಮೊದಲು ಕೆಪಾಸಿಟನ್ಸ್ ಇಳಿಸಿ.

ಮಂದ್ರಸ್ಥಾಯಿ

ಎಲ್ಲಾ ಎಂಎಂಗೂ 132 ಒಳ್ಳೆಯದು ಅಂತ ತಿಳಿಯಬೇಡಿ. ಆರ್ಟೋಫೋನ್ 2ಎಂ ರೆಡ್ 700 ಮಿಲಿಹೆನ್ರಿ, ಅವರು 150ರಿಂದ 300 ಕೇಳುತ್ತಾರೆ. ಗ್ರಾಡೋ ಪ್ರೆಸ್ಟೀಜ್ ಸಾಲಿನ ಕಾರ್ಟ್ರಿಜ್‌ಗಳು 45 ಮಿಲಿಹೆನ್ರಿ, 200 ಪಿಕೋಫ್ಯಾರಡ್ ಹಾಕಿದರೂ ರೆಸೊನೆನ್ಸ್ 53 ಕಿಲೋಹರ್ಟ್ಜ್. ಅವಕ್ಕೆ ಈ ತಲೆನೋವೇ ಇಲ್ಲ. ಕಾರ್ಟ್ರಿಜ್ ಬದಲಿಸಿದ ದಿನ ಜಂಪರ್ ಕೂಡ ಮತ್ತೆ ನೋಡಿ. ಜಂಪರ್ ಕಳೆದುಕೊಳ್ಳಬೇಡಿ, ಒಂದೇ ಕಾಲಿಗೆ ಸಿಕ್ಕಿಸಿಟ್ಟರೆ ಅಲ್ಲೇ ಇರುತ್ತದೆ.

ಹಳೇತಟ್ಟೆ

ಇಷ್ಟೆಲ್ಲ ಆಯ್ತು, ಸ್ಪೀಕರ್ ತುದಿಯ ಮಾತೇ ಬರಲಿಲ್ಲ. ಆಂಪ್ 4ರಿಂದ 8 ಓಮ್, ಸ್ಪೀಕರ್ 6 ಓಮ್. ಅಲ್ಲೂ ಸಮ ಬೇಕಾಗಿಲ್ವಾ?

ಓಮ್‌ಲೆಕ್ಕ

ಅಲ್ಲೂ ಬೇಡ. ಟ್ರಾನ್ಸಿಸ್ಟರ್ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ ಸಾಮಾನ್ಯವಾಗಿ 0.1 ಓಮ್‌ಗಿಂತ ಕಡಿಮೆ. 4ರಿಂದ 8 ಅಂತ ಬರೆದಿರುವುದು ಅದು ಎಷ್ಟು ಹೊರೆ ತಡೆಯುತ್ತದೆ ಅನ್ನೋದನ್ನು. ವಾಲ್ವ್ ಆಂಪ್ ಆದರೆ 4, 8, 16 ಅಂತ ಬೇರೆ ಬೇರೆ ಟ್ಯಾಪ್ (ಸ್ಪೀಕರ್ ಜೋಡಿಸುವ ತುದಿ) ಇರುತ್ತವೆ, ಅಲ್ಲಿ ಹತ್ತಿರದ್ದನ್ನು ಆರಿಸಿ. ಅವುಗಳ ಔಟ್‌ಪುಟ್ ಇಂಪೀಡೆನ್ಸ್ 2 ಓಮ್ ಇದ್ದು, ಸ್ಪೀಕರ್ ಒಂದು ಕಡೆ 4 ಓಮ್‌ಗೆ ಇಳಿದು ಇನ್ನೊಂದು ಕಡೆ 30ಕ್ಕೆ ಏರಿದರೆ ಧ್ವನಿಯಲ್ಲೇ 3 ಡಿಬಿ ಏರಿಳಿತ ಬರುತ್ತದೆ. ವಾಲ್ವ್‌ನ ಸ್ವಭಾವ ಅಂತ ಹೊಗಳುವುದರಲ್ಲಿ ಒಂದು ಪಾಲು ಇದೇ. ನನಗೂ ಅದು ಇಷ್ಟ, ಆದರೆ ಎಲ್ಲಿಂದ ಬಂತು ಅಂತ ಗೊತ್ತಿರಲಿ.

ಸೂಜಿಮೊನೆ

ಜಂಪರ್ ತೆಗೆದೆ. ವ್ಯತ್ಯಾಸ ತಕ್ಷಣ ಗೊತ್ತಾಯಿತು. ಸ, ಶ ಈಗ ಹಾಡಿನ ಒಳಗೇ ಇವೆ, ಚಟಪಟ ಕೂಡ ಹಿಂದೆ ಹೋಯಿತು. ಮನೆಯವರು ಬಂದು ವಾಲ್ಯೂಮ್ ಕಮ್ಮಿ ಮಾಡಿದ್ಯಾ ಅಂತ ಕೇಳಿದರು.

ಒಂದು ಉಳಿದಿದೆ. ಕೆಲವು ಎಲ್‌ಪಿಗಳಲ್ಲಿ ಕೊನೆಯ ಹಾಡು ಬಂದಾಗ ಮಾತ್ರ ಸ ಇನ್ನೂ ಉಗುಳುತ್ತದೆ. ಮೊದಲ ಹಾಡಿನಲ್ಲಿ ಇಲ್ಲ. ಕೆಪಾಸಿಟನ್ಸ್ ಇನ್ನೂ ಇಳಿಸಬೇಕಾ?

ಮಂದ್ರಸ್ಥಾಯಿ

ಬೇಡ. ಕೆಪಾಸಿಟನ್ಸ್ ಆಗಿದ್ದರೆ ಮೊದಲ ಹಾಡಿನಲ್ಲೂ ಅಷ್ಟೇ ಇರಬೇಕಿತ್ತು. ಎಲ್‌ಪಿಯ ಅಂಚಿನಲ್ಲಿ ಸೂಜಿ ಕೆಳಗೆ ಗ್ರೂವ್ (ಧ್ವನಿ ಕೆತ್ತಿದ ಗೆರೆ) ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ, ಲೇಬಲ್ ಹತ್ತಿರ 21. ಅದೇ ಸ ಅಲ್ಲಿ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮಡಚಿ ಕೂತಿರುತ್ತದೆ. ಪ್ರೊಟ್ರಾಕ್ಟರ್ ಇಟ್ಟು ಕಾರ್ಟ್ರಿಜ್ ಕೋನ ನೋಡಿ. ಟ್ರ್ಯಾಕಿಂಗ್ ಫೋರ್ಸ್ (ಸೂಜಿ ರೆಕಾರ್ಡನ್ನು ಒತ್ತುವ ಭಾರ) 2 ಗ್ರಾಂ ಇದೆಯಾ ತೂಗಿ, ಆಂಟಿಸ್ಕೇಟಿಂಗ್ (ತೋಳು ಒಳಕ್ಕೆ ಎಳೆಯುವುದನ್ನು ಸರಿದೂಗಿಸುವ ಹೊಂದಿಕೆ) ಕೂಡ ನೋಡಿ. ಇಷ್ಟಾದ ಮೇಲೂ ಉಳಿದರೆ ಆ ರೆಕಾರ್ಡನ್ನು ಹಿಂದಿನ ಮಾಲೀಕರು ಸವೆದ ಸೂಜಿಯಲ್ಲಿ ಉತ್ತಿರಬಹುದು, ಹಾಗಿದ್ದರೆ ಏನೂ ಮಾಡುವ ಹಾಗಿಲ್ಲ. ಹೊಸ ರೆಕಾರ್ಡ್ ಒಂದರಲ್ಲೂ ಕೊನೆಯ ಹಾಡು ಹಾಕಿ ನೋಡಿ ಹೇಳಿ.